ಭಾಗವತರೇ ಕುಣಿಯೋದಿಲ್ಲ

ಸ್ಟುಡಿಯೋ ಮುಖ್ಯಸ್ಥರು ಬದಲಾದರೆ ಸಾಕು, ಆನಿಮೇಷನ್ ಚಿತ್ರಗಳು ತಾವಾಗಿಯೇ ಚೆನ್ನಾಗಿ ಬರುತ್ತವೆ ಅಂತ ನಾನು ಓದಿದ ಲೇಖನವೊಂದು ಹೇಳುತ್ತದೆ. ನನಗೆ ಅರ್ಧ ಮಾತ್ರ ಒಪ್ಪಿಗೆ.

2006ರಲ್ಲಿ ಡಿಸ್ನಿ ಇನ್ನೊಂದು ಆನಿಮೇಷನ್ ಸ್ಟುಡಿಯೋ ಆದ ಪಿಕ್ಸಾರ್ ಅನ್ನು ಕೊಂಡಿತು. ಪಿಕ್ಸಾರ್ ನಡೆಸುತ್ತಿದ್ದ ಎಡ್ ಕ್ಯಾಟ್ಮಲ್, ಜಾನ್ ಲ್ಯಾಸೆಟರ್ ಇಬ್ಬರಿಗೂ ಡಿಸ್ನಿಯ ಆನಿಮೇಷನ್ ವಿಭಾಗದ ಹೊಣೆಯೂ ಬಂತು. ಅವರೇನು ಹಳಬರನ್ನೆಲ್ಲ ಮನೆಗೆ ಕಳಿಸಲಿಲ್ಲ. ಅರ್ಧ ಆದ ಚಿತ್ರವನ್ನು ಉಳಿದ ನಿರ್ದೇಶಕರಿಗೆ ತೋರಿಸಿ, ಮುಲಾಜಿಲ್ಲದೆ ತಪ್ಪು ಹೇಳಿಸಿಕೊಳ್ಳುವ ಪಿಕ್ಸಾರ್ ರೂಢಿಯನ್ನು ಅಲ್ಲಿಗೂ ತಂದರು. ಹೇಳಿದ್ದನ್ನು ತಿದ್ದಲೇಬೇಕು ಅನ್ನೋ ಹುಕುಂ ಇಲ್ಲ, ಅದೇ ಅದರ ಮಜಾ. 2013ರ ಡಿಸ್ನಿ ಚಿತ್ರ ‘ಫ್ರೋಜನ್’ ಬಂದಿದ್ದು ಇದಾದ ಮೇಲೆ.

ನಮ್ಮ ಸಾಗರದ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಇದು ಗೊತ್ತಿರೋದೇ. ಹಾಡುವ ಭಾಗವತರು ತಾಳ ಹಿಡಿದು ಆಟ ನಡೆಸುತ್ತಾರೆ, ಆದರೆ ಎದ್ದು ಬಂದು ಕುಣಿಯೋದಿಲ್ಲ ಅಲ್ವಾ?

ಹಾಗಂತ ಕ್ಯಾಟ್ಮಲ್, ಲ್ಯಾಸೆಟರ್ ಅವರದ್ದೂ ಎಲ್ಲ ಸರಿ ಇರಲಿಲ್ಲ. ಡಿಸ್ನಿಯಲ್ಲಿ ‘ಲಿಲೋ ಅಂಡ್ ಸ್ಟಿಚ್’ ಚಿತ್ರ ಮಾಡಿದ್ದ ನಿರ್ದೇಶಕ ಕ್ರಿಸ್ ಸ್ಯಾಂಡರ್ಸ್ ಕೈಯಿಂದ ನಾಯಿಯ ಕಥೆಯೊಂದನ್ನು ಕಿತ್ತುಕೊಂಡರು. ಅದು 2008ರಲ್ಲಿ ‘ಬೋಲ್ಟ್’ ಆಗಿ ಬಂತು, ಸುಮಾರಾಗಿತ್ತು. ಸ್ಯಾಂಡರ್ಸ್ ಬೇರೆ ಸ್ಟುಡಿಯೋ ಆದ ಡ್ರೀಮ್‌ವರ್ಕ್ಸ್‌ಗೆ ಹೋಗಿ ಇನ್ನೊಬ್ಬರ ಜೊತೆ ಸೇರಿ 2010ರಲ್ಲಿ ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಮಾಡಿದರು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೆಲ್ಲ ಮಕ್ಕಳು ಹಾಕೋದು ಅದನ್ನೇ.

ಅಂದಹಾಗೆ, ಲೇಖನದಲ್ಲಿ ಸ್ಯಾಂಡರ್ಸ್ ಹೆಸರೇ ಇಲ್ಲವಲ್ಲ, ಯಾಕೆ?