ಹೌದು, ನಮ್ಮ ಡಾಬರ್‌ಮನ್‌ಗೆ ಬಾಲವಿದೆ

ಟೋಪಿ ಹಾಕಿಸಿಕೊಂಡವನು ನಾನಂತೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನಿಗೆ ಒಂದು ನಾಯಿಮರಿ ಕೊಳ್ಳುವಾಗ ಕಣ್ಣು ಕಾಣಲಿಲ್ಲವಂತೆ. ಇಂದು ಬೆಳಗ್ಗೆ ತುಮಕೂರಿನ ಅಮಾನಿಕೆರೆಯ ಬಳಿಯ ಟೀ ಅಂಗಡಿಯ ಮುಂದೆ, ಹತ್ತು ಜನರೆದುರು ಹೀಗೆಂದು ತೀರ್ಮಾನವಾಯಿತು. ರಾತ್ರಿಯಾದರೂ ಆ ನಗು ನನ್ನನ್ನು ಬಿಟ್ಟಿಲ್ಲ.

ಹಾಗೆ ತೀರ್ಮಾನಿಸಿದ ಮಹಾನುಭಾವರು ಯಾರೆಂದು ನಮ್ಮ ಬೀದಿಯವರಿಗೆ ಗೊತ್ತಿದೆ, ಬೇರೆಯವರಿಗೆ ಗೊತ್ತಾಗಬೇಕಿಲ್ಲ. ಅವರು ಕಾರಿನಿಂದ ತಮ್ಮ ಹೊಸ ಮರಿಯನ್ನು ಇಳಿಸಿದರು. ಮೂರು ತಿಂಗಳೂ ತುಂಬಿರದ ಕೂಸು. ಎರಡೂ ಕಿವಿಗಳ ಮುಕ್ಕಾಲು ಭಾಗವನ್ನು ಕತ್ತರಿಸಿ, ಉಳಿದದ್ದು ನೆಟ್ಟಗೆ ನಿಲ್ಲಲೆಂದು ಬಿಳಿ ಪ್ಲಾಸ್ಟರ್ ಸುತ್ತಿದ್ದರು. ಅದು ತಲೆ ಕೊಡವಿದಾಗಲೆಲ್ಲ ಹೊಲಿಗೆಯ ಅಂಚಿನಲ್ಲಿ ರಕ್ತ ಒಸರುತ್ತಿತ್ತು, ನೊಣಗಳು ಎದ್ದು ಮತ್ತೆ ಅಲ್ಲಿಯೇ ಕೂರುತ್ತಿದ್ದವು. ನಾನು ಅದನ್ನೇ ನೋಡುತ್ತಿದ್ದೆ. ಅವರು ಕಿವಿ, ಬಾಲ ಯಾವುದನ್ನೂ ಕತ್ತರಿಸದ ನಮ್ಮ ಡಾಬರ್‌ಮನ್ ಕೆಂಪಿಯನ್ನು ನೋಡುತ್ತಿದ್ದರು.

"ಮೇಷ್ಟ್ರೇ, ಇದು ಡಾಬರ್‌ಮನ್ ಅಂತ ಯಾರು ಹೇಳಿದ್ದು ನಿಮಗೆ? ಬಾಲ ನೋಡಿದ್ರೆ ಎಮ್ಮೆ ಬಾಲ, ಕಿವಿ ನೋಡಿದ್ರೆ ಮೇಕೆ ಕಿವಿ. ಚೆನ್ನಾಗಿ ಟೋಪಿ ಹಾಕಿದ್ದಾರೆ ಬಿಡಿ."

ಎಲ್ಲರೂ ನಕ್ಕರು. ಲೋಟ ತೊಳೆಯುತ್ತಿದ್ದ ಹುಡುಗನೂ ನಕ್ಕ. ಕೆಂಪಿಯಂತೂ ತನ್ನನ್ನು ಹೊಗಳುತ್ತಿದ್ದಾರೆಂದು ಭಾವಿಸಿ, ಅದೇ ಎಮ್ಮೆ ಬಾಲವನ್ನು ಅವರ ಪ್ಯಾಂಟಿಗೆ ಪಟಪಟನೆ ಬಡಿಯತೊಡಗಿತು.

ಆಗ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಕೈ ಬರುತ್ತಿಲ್ಲ. ಕತ್ತರಿಸುವುದು ತಪ್ಪು ಎಂದೆನೇ? ಇಲ್ಲ. ಜೇಬಿನಿಂದ ಮೊಬೈಲ್ ತೆಗೆದು, ನಡುಗುವ ಬೆರಳಿನಿಂದ ಫೋಟೋಗಳನ್ನೆಲ್ಲ ಸರಿಸುತ್ತಾ, ಕೆಂಪಿಯ ನೋಂದಣಿ ಪತ್ರವನ್ನು ಹುಡುಕಿ ಅವರ ಮುಖಕ್ಕೆ ಹಿಡಿದೆ. ತಂದೆಯ ಹೆಸರು, ತಾಯಿಯ ಹೆಸರು, ತಳಿ, ಎಲ್ಲವನ್ನೂ ಜಾತಿ ಪ್ರಮಾಣಪತ್ರ ತೋರಿಸುವವನಂತೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. "ಹೌದಲ್ಲ, ಒರಿಜಿನಲ್ಲೇ. ಹಂಗಾದ್ರೆ ಯಾಕ್ ಸಾರ್ ಹಾಳು ಮಾಡಿದ್ರಿ?"

ಹಾಳು ಮಾಡಿದ್ದು ನಾನು! ಹುಟ್ಟಿದಂತೆಯೇ ಇರಲು ಬಿಟ್ಟಿದ್ದಕ್ಕೆ!

ಈ ಬಾಲವನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಅವರಿಗೇನು ಗೊತ್ತು? ಸಾಮಾನ್ಯವಾಗಿ ಡಾಬರ್‌ಮನ್ ಮರಿ ಹುಟ್ಟಿದ ಮೂರರಿಂದ ಐದು ದಿನಗಳೊಳಗೆ, ಅದು ಕಣ್ಣು ತೆರೆಯುವ ಮೊದಲೇ, ಎಷ್ಟೋ ಸಲ ಅರಿವಳಿಕೆಯೂ ಇಲ್ಲದೆ ಬಾಲವನ್ನು ಕತ್ತರಿಸಿಬಿಡುತ್ತಾರೆ. ಆದ್ದರಿಂದ ತಾಯಿನಾಯಿ ಗಬ್ಬವಾಗಿದ್ದಾಗಲೇ ಮಾರುವವರ ಬಳಿ ಹೋಗಿ, ಒಂದು ಮರಿಯ ಬಾಲವನ್ನಾದರೂ ಮುಟ್ಟಬೇಡಿ ಎಂದು ಬೇಡಿಕೊಂಡಿದ್ದೆ. ಈ ತಳಿಗೆ ಹೆಸರು ಬಂದದ್ದು ಜರ್ಮನಿಯ ಅಪೋಲ್ಡಾ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಡಾಬರ್‌ಮನ್ ಎಂಬವರಿಂದ. ಆ ಜರ್ಮನಿಯೇ 1987ರಲ್ಲಿ ಕಿವಿ ಕತ್ತರಿಸುವುದನ್ನೂ, ಬೇಟೆನಾಯಿಗಳಂತಹ ಕೆಲವನ್ನು ಬಿಟ್ಟು 1998ರಲ್ಲಿ ಬಾಲ ಕತ್ತರಿಸುವುದನ್ನೂ ನಿಷೇಧಿಸಿತು. ತವರಿನಲ್ಲಿ ಬೇಡವಾದದ್ದು ತುಮಕೂರಿನಲ್ಲಿ ಗತ್ತಿನ ಗುರುತಾಗಿದೆ.

ಕಿವಿ ಕತ್ತರಿಸಿದರೆ ಸೋಂಕು ತಗಲುವುದಿಲ್ಲ ಎಂದೂ ಆ ಮಹಾನುಭಾವರು ಉಪದೇಶಿಸಿದರು. ಅವರ ಅಣ್ಣನ ಮನೆಯ ಲ್ಯಾಬ್ರಡಾರ್‌ಗೆ ಇದಕ್ಕಿಂತ ಜೋತುಬಿದ್ದ ಕಿವಿಗಳಿವೆಯಲ್ಲ, ಅದಕ್ಕೇಕೆ ಯಾರೂ ಕತ್ತರಿ ಹಿಡಿದಿಲ್ಲ? ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಎತ್ತಿಗೆ ಮೂಗುದಾರ ಹಾಕಲ್ವೇನಪ್ಪಾ?" ಎಂದರು. ನಾನು ತೆಪ್ಪಗಿದ್ದೆ. ಉತ್ತರ ಹೊಳೆದದ್ದು ಬಟವಾಡಿ ಬಡಾವಣೆ ತಲುಪಿದ ಮೇಲೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮೂಗುದಾರ, ಬೀಜ ಒಡೆಯುವುದು, ಬರೆ ಹಾಕುವುದು, ದನದ ಕೊಂಬು ತೆಗೆಯುವುದು ಎಂದು ವಿನಾಯಿತಿಗಳನ್ನು ಹೆಸರಿಸಿ ಬರೆದಿದ್ದಾರೆ; ಅಂದಕ್ಕಾಗಿ ನಾಯಿಯ ಕಿವಿ ಕೊಯ್ಯುವುದು ಆ ಪಟ್ಟಿಯಲ್ಲಿಲ್ಲ. ಬಟವಾಡಿಯಲ್ಲಿ ಇದನ್ನು ಕೇಳಲು ಕೆಂಪಿಯೊಬ್ಬಳೇ ಇದ್ದಳು.

ದೂರು ಕೊಡಬೇಕೆಂದು ಮಧ್ಯಾಹ್ನವೆಲ್ಲ ಕುದಿದೆ. ಆಮೇಲೆ ಅದೇ ಸೆಕ್ಷನ್ನಿನ ದಂಡವನ್ನು ನೋಡಿದೆ. ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿವರೆಗೆ. ಕ್ಯಾತಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ, ಒಂದು ವಡೆ, ಒಂದು ಕಾಫಿಗೆ ಇದಕ್ಕಿಂತ ಹೆಚ್ಚಾಗುತ್ತದೆ. ಯಾರ ಮೇಲೆ ದೂರು, ಯಾತಕ್ಕೆ ದೂರು, ಹೋಗಲಿ ಬಿಡಿ. ಅವರ ನಾಯಿ, ಅವರ ದುಡ್ಡು.

ಆದರೆ ಹೇಗೆ ಬಿಡುವುದು? ಆ ಹೊಲಿಗೆಯನ್ನು ಹಾಕಿದವರು ಯಾರು? ಅಷ್ಟು ಸಣ್ಣ, ಅಷ್ಟು ಒತ್ತೊತ್ತಾದ ಹೊಲಿಗೆ ಕಲಿತ ಕೈಯದೇ ಇರಬೇಕು. ಈ ಜಿಲ್ಲೆಯಲ್ಲಿ ಪಶುವೈದ್ಯ ಓದಿದ ಯಾರಾದರೂ ಇದನ್ನು ನೋಡುತ್ತಿದ್ದರೆ ದಯವಿಟ್ಟು ಹೇಳಿ, ರೋಗವಿಲ್ಲದ ಕಿವಿಯ ಮೇಲೆ ಕತ್ತರಿ ಇಡುವಾಗ ಚೀಟಿಯಲ್ಲಿ ಕಾಯಿಲೆಯ ಹೆಸರು ಏನೆಂದು ಬರೆಯುತ್ತೀರಿ? ನಾನೂ ಹರಿಶ್ಚಂದ್ರನಲ್ಲ. ಹತ್ತು ವರ್ಷದವನಿದ್ದಾಗ ಮಧುಗಿರಿ ಕಡೆಯ ನಮ್ಮೂರಿನಲ್ಲಿ, ಜೋರಾಗಲಿ ಎಂದು ಸೋದರಮಾವ ಬ್ಲೇಡಿನಿಂದ ಮರಿಯ ಕಿವಿ ಕೊಯ್ಯುವಾಗ ಅದರ ಕಾಲುಗಳನ್ನು ಅದುಮಿ ಹಿಡಿದುಕೊಂಡಿದ್ದವನು ನಾನೇ. ಅದು ಜೋರೂ ಆಗಲಿಲ್ಲ, ಯಾರು ಕೈ ಎತ್ತಿದರೂ ಮಂಚದ ಕೆಳಗೆ ಸೇರುತ್ತಿತ್ತು. ಇಂದು ಬಾಯಿ ಕಟ್ಟಿದ್ದು ಅದಕ್ಕೇ ಇರಬಹುದು, ಅಥವಾ ನಾನು ಬರೀ ಪುಕ್ಕಲನೇ ಇರಬಹುದು.

ಈಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಕೆಂಪಿಯ ಕಿವಿಗಳು ಬುಡದಲ್ಲಿ ತುಸು ಎದ್ದು, ವೀಳ್ಯದೆಲೆಯಂತೆ ಮಡಚಿ, ಮತ್ತೆ ಕೆನ್ನೆಗೆ ಬಿದ್ದವು. ನಾಳೆ ಬೇರೆ ದಾರಿಯಲ್ಲಿ ವಾಕಿಂಗ್ ಹೋಗೋಣ ಎಂದು ಹೆಂಡತಿ ಹೇಳುತ್ತಿದ್ದಾಳೆ. ನಾನೂ ಹೂಂ ಎಂದಿದ್ದೇನೆ. ಆದರೆ ಆ ಟೀ ಅಂಗಡಿಯವನು ಕೆಂಪಿಗೆ ದಿನವೂ ಅರ್ಧ ಬನ್ನು ಹಾಕುತ್ತಾನೆ, ಅವಳು ಎಳೆಯುವುದು ಆ ಕಡೆಗೇ.