ಚುಕ್ಕಿಗೆ ಜ್ವರ, ಸ್ಪೇಸ್‌ಬಾರ್‌ಗೆ ಬರೆ

ಗಂಭೀರ ಕಡತಗಳಲ್ಲಿ ಈಗ ವಾಕ್ಯ ಬರೆಯುವವರು ಕಡಿಮೆ, ಸಾಲಿನ ಮುಂದೆ ಬುಲೆಟ್ ಎಂಬ ಚುಕ್ಕಿ ಇಡುವವರೇ ಜಾಸ್ತಿ. ಮೂರು ಚುಕ್ಕಿ ಇಟ್ಟರೆ ವರದಿ, ಐದಿಟ್ಟರೆ ಯೋಜನೆ, ಹತ್ತಿಟ್ಟರೆ ಮುನ್ನೋಟ. ಯೋಜನೆಗೆ ಹತ್ತು ನಿಮಿಷ ತಲೆ ಕೆಡಿಸಿಕೊಂಡವರು, ಐದನೇ ಚುಕ್ಕಿ ಉಳಿದ ನಾಲ್ಕರ ನೇರಕ್ಕೆ ನಿಲ್ಲಲಿಲ್ಲವೆಂದು ಇಡೀ ಮಧ್ಯಾಹ್ನ ಯುದ್ಧ ಮಾಡುತ್ತಾರೆ. ಆಯುಧ ಒಂದೇ, ಸ್ಪೇಸ್‌ಬಾರ್.

ಎಂಟು ಸಲ ಕುಟ್ಟಿದರೆ ಕೂದಲೆಳೆಯಷ್ಟು ಎಡಕ್ಕೆ, ಒಂಬತ್ತು ಸಲ ಕುಟ್ಟಿದರೆ ಕೂದಲೆಳೆಯಷ್ಟು ಬಲಕ್ಕೆ. ಫಾಂಟ್ ಬದಲಾದರೆ ಮತ್ತೆ ಎಲ್ಲ ಚೆಲ್ಲಾಪಿಲ್ಲಿ. ಚುಕ್ಕಿ ಎಲ್ಲಿ ನಿಲ್ಲಬೇಕೆಂದು ಹೇಳುವುದು ಪ್ಯಾರಾದ ಇಂಡೆಂಟ್, ಅಂದರೆ ಅಂಚಿನಿಂದ ಬಿಡುವ ಜಾಗ: ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಾಮಾನ್ಯವಾಗಿ ಚುಕ್ಕಿ 0.25 ಇಂಚಿಗೆ, ಅಕ್ಷರ 0.5 ಇಂಚಿಗೆ. ಚುಕ್ಕಿಯ ಮೇಲೆಯೇ ಒಮ್ಮೆ ಕ್ಲಿಕ್ ಮಾಡಿದರೆ ಆ ಹಂತದ ಚುಕ್ಕಿಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ರೈಟ್ ಕ್ಲಿಕ್, ‘ಅಡ್ಜಸ್ಟ್ ಲಿಸ್ಟ್ ಇಂಡೆಂಟ್ಸ್’, ಎರಡು ಅಂಕಿ, ಓಕೆ. ಇಷ್ಟರಲ್ಲೇ ಮುಗಿದುಹೋದರೆ ಶ್ರಮಪಟ್ಟಂತೆ ಕಾಣುವುದು ಹೇಗೆ?

ಇನ್ನು ಚುಕ್ಕಿ ಮಾತ್ರ ಕೆಂಪಗೆ, ದಪ್ಪಗೆ ಆಗಿಬಿಡುವ ಕಾಯಿಲೆ. ಪಕ್ಕದ ಪದವನ್ನು ಆರಿಸಿ ಬೋಲ್ಡ್ ತೆಗೆಯುತ್ತಾರೆ, ಬಣ್ಣ ತೆಗೆಯುತ್ತಾರೆ; ಚುಕ್ಕಿ ಕದಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಂಟ್ರೋಲ್-ಶಿಫ್ಟ್-8 ಒತ್ತಿ ನೋಡಿ: ಸಾಲಿನ ಕೊನೆಯಲ್ಲಿ ತಿರುಗುಮುರುಗಾದ ‘ಪಿ’ಯಂಥ ಪ್ಯಾರಾ ಗುರುತು ಕಾಣುತ್ತದೆ. ಮುಂದೆ ನಿಂತು ಬೈಸಿಕೊಳ್ಳುವುದು ಚುಕ್ಕಿ, ಹಿಂದೆ ಕೂತು ಆಜ್ಞೆ ಕೊಡುವುದು ಇದು. (ಇಂಥ ಏರ್ಪಾಡು ವರ್ಡ್‌ನಲ್ಲಿ ಮಾತ್ರ ಇದೆ ಎಂದು ಯಾರೂ ಭಾವಿಸಬಾರದು.) ಆ ಗುರುತನ್ನಷ್ಟೇ ಆರಿಸಿ ಬಣ್ಣ ಬದಲಿಸಿ, ಬೋಲ್ಡ್ ತೆಗೆಯಿರಿ, ಚುಕ್ಕಿ ಸುಮ್ಮನಾಗುತ್ತದೆ. ಸಿಟ್ಟಿನಲ್ಲಿ ಡಿಲೀಟ್ ಮಾಡಿದರೆ ಎರಡು ಪ್ಯಾರಾಗಳು ಅಂಟಿಕೊಳ್ಳುತ್ತವೆ.

ಉಪಕಾರದ ಕಾಟ ಬೇರೆ. ಅಡಿಟಿಪ್ಪಣಿಗೆಂದು ಪ್ಯಾರಾದ ಮೊದಲಲ್ಲಿ ಒಂದು ನಕ್ಷತ್ರ ಹಾಕಿ ಸ್ಪೇಸ್ ಕೊಟ್ಟರೆ ಸಾಕು, ‘ಪಟ್ಟಿ ಬೇಕಿತ್ತಲ್ಲವೇ’ ಎಂದು ವರ್ಡ್ ಅದನ್ನು ಬುಲೆಟ್ ಮಾಡುತ್ತದೆ. ಕೂಡಲೇ ಕಂಟ್ರೋಲ್-ಝಡ್ ಒತ್ತಿದರೆ ಬುಲೆಟ್ ಹೋಗಿ ನಕ್ಷತ್ರ ಉಳಿಯುತ್ತದೆ. ಶಾಶ್ವತವಾಗಿ ಬೇಡವೆನ್ನಲು ಐದು ಬಾಗಿಲು ದಾಟಬೇಕು: ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್, ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್. ಅಲ್ಲಿ ‘ಆಟೋಮ್ಯಾಟಿಕ್ ಬುಲೆಟೆಡ್ ಲಿಸ್ಟ್ಸ್’ ಮುಂದಿನ ಟಿಕ್ ತೆಗೆಯಬೇಕು. ಉಪಕಾರ ಕೇಳದೆ ಬರುತ್ತದೆ, ಬೇಡವೆನ್ನುವುದಕ್ಕೆ ಮಾತ್ರ ಅರ್ಜಿ ಹಾಕಬೇಕು.

ಚುಕ್ಕಿಗಳ ನಡುವೆ ಜಾಗ ಬೇಕೆಂದು 6 ಪಾಯಿಂಟ್ ಕೊಟ್ಟರೂ ಏನೂ ಆಗದಿದ್ದರೆ, ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ಒಂದೇ ಸ್ಟೈಲ್‌ನ ಪ್ಯಾರಾಗಳ ನಡುವೆ ಜಾಗ ಬೇಡವೆನ್ನುವ ಟಿಕ್ ಕೂತಿರುತ್ತದೆ. ಅದನ್ನು ನೋಡದೆ ಎಂಟರ್ ಒತ್ತುವವರಿಗೆ ಸಿಗುವುದು ಜಾಗವಲ್ಲ, ಇನ್ನೊಂದು ಚುಕ್ಕಿ. ಅದಕ್ಕೆ ಹೆದರಿ ಶಿಫ್ಟ್-ಎಂಟರ್ ಒತ್ತಿದವರ ಸಾಲು ಜಸ್ಟಿಫೈ ಆಗಿದ್ದರೆ, ನಾಲ್ಕೇ ಪದಗಳು ಈ ಅಂಚಿನಿಂದ ಆ ಅಂಚಿಗೆ ಬಟ್ಟೆ ಒಣಹಾಕಿದಂತೆ ನೇತಾಡುತ್ತವೆ.

ಕಡತ ಪೂರ್ತಿ ಕುಲಗೆಟ್ಟಿದ್ದರೆ ಪಟ್ಟಿಯನ್ನು ಆರಿಸಿ ನಾರ್ಮಲ್ ಸ್ಟೈಲ್‌ಗೆ ತರಲು ಕಂಟ್ರೋಲ್-ಶಿಫ್ಟ್-ಎನ್, ಆಮೇಲೆ ಪ್ಯಾರಾ ತೊಳೆಯಲು ಕಂಟ್ರೋಲ್-ಕ್ಯೂ, ಅಕ್ಷರ ತೊಳೆಯಲು ಕಂಟ್ರೋಲ್-ಸ್ಪೇಸ್. ಪಟ್ಟಿಯ ವಿಷಯದಲ್ಲಿ ಸ್ಪೇಸ್‌ಬಾರ್‌ಗಿರುವ ಮರ್ಯಾದೆಯ ಕೆಲಸ ಇದೊಂದೇ. ಕೊನೆಗೆ ಕಂಟ್ರೋಲ್-ಶಿಫ್ಟ್-ಎಲ್ ಒತ್ತಿದರೆ ಲಿಸ್ಟ್ ಬುಲೆಟ್ ಸ್ಟೈಲ್‌ನಲ್ಲಿ ಚುಕ್ಕಿಗಳು ಸಾಲಾಗಿ ನಿಲ್ಲುತ್ತವೆ. ನಿಂತ ಮೇಲೆ ಕಡತ ಮೇಲಕ್ಕೆ ಹೋಗಿ, ಒಂದು ಷರಾ ಹೊತ್ತು ಮರಳುತ್ತದೆ: ‘ಚುಕ್ಕಿ ಬೇಡ, ಅಂಕಿ ಹಾಕಿ.’

ಹಾಕಿದರೆ ಪಟ್ಟಿ 7ರಿಂದ ಶುರುವಾಗುತ್ತದೆ.