ಸ್ಪಷ್ಟನೆ: ಆಟೊಮನ್ ಆಸ್ಥಾನ ಜ್ಯೋತಿಷಿಯ ಹುದ್ದೆ 1580ಕ್ಕೆ ಮುಗಿಯಲಿಲ್ಲ

‘ಸುಲ್ತಾನ ಮೂರನೇ ಮುರಾದ್ 1580ರಲ್ಲಿ ಇಸ್ತಾಂಬುಲ್‌ನ ಖಗೋಳ ವೀಕ್ಷಣಾಲಯವನ್ನು ಕೆಡವಿಸಿ, ಆಸ್ಥಾನ ಜ್ಯೋತಿಷಿಗಳನ್ನೂ ಮನೆಗೆ ಅಟ್ಟಿದ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಮುನೆಜ್ಜಿಂಬಾಷಿ ಎಂಬ ಮುಖ್ಯ ಜ್ಯೋತಿಷಿಯ ಹುದ್ದೆ 1924ರವರೆಗೂ, ಅಂದರೆ ಸುಲ್ತಾನಗಿರಿಯೇ ಹೋದ ಮೇಲೂ, ಉಳಿದಿತ್ತು.

ಆ ಹುದ್ದೆಗೆ ಬರುತ್ತಿದ್ದವರು ಮದರಸಾಗಳಲ್ಲಿ ಓದಿದ ವಿದ್ವಾಂಸರು. ಪಟ್ಟಾಭಿಷೇಕಕ್ಕೆ, ದಂಡಯಾತ್ರೆಗೆ, ಹೊಸ ಹಡಗನ್ನು ನೀರಿಗಿಳಿಸಲು ಗಳಿಗೆ ನೋಡುತ್ತಿದ್ದರು. ನವ್ರೂಜ್ (ವಸಂತದ ಹೊಸ ವರ್ಷದ ಹಬ್ಬ) ಬಂತೆಂದರೆ ಹೊಸ ವರ್ಷದ ಪಂಚಾಂಗವನ್ನು ಸುಲ್ತಾನನಿಗೆ ಒಪ್ಪಿಸಬೇಕು; ರಂಜಾನಿಗೆ ಉಪವಾಸದ ವೇಳಾಪಟ್ಟಿಯೂ ಅವರದೇ ಲೆಕ್ಕ. (ಕೆಡವಲಾದ ವೀಕ್ಷಣಾಲಯವನ್ನು ನಡೆಸುತ್ತಿದ್ದ ತಕಿಯುದ್ದೀನ್ ಕೂಡ ಮುಖ್ಯ ಜ್ಯೋತಿಷಿಯೇ!) 1580ರ ನಂತರದ ಇಂಥ ಎಷ್ಟೋ ಪಂಚಾಂಗಗಳು ಇಸ್ತಾಂಬುಲ್‌ನ ಗ್ರಂಥಾಲಯಗಳಲ್ಲಿ ಇಂದಿಗೂ ಇವೆ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.